ಆಟಿಯಲ್ಲಿ ತವರಿಗೆ ಬಂದವಳು

ಮೊನ್ನೆ ಸಂಜೆ ಲಿಫ್ಟಿನಿಂದ ಹೊರಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಮಳೆಗಾಲ ಬಂತೆಂದರೆ ಎಲ್ಲರೂ ಕೊಡೆಗಳನ್ನು ಬಿಚ್ಚಿ ಒಣಗಲು ಇಡುತ್ತಾರೆ. ಈಗಿನವೆಲ್ಲ ನೈಲಾನ್, ಹೂವಿನ ಪ್ರಿಂಟ್. ಅವಕ್ಕೆ ವಾಸನೆ ಎಂಬುದೇ ಇಲ್ಲ. ಅವತ್ತು ಎದುರಿನ ಫ್ಲ್ಯಾಟಿಗೆ ಯಾರೋ ಹಳಬರು ಬಂದಿರಬೇಕು. ಬೆತ್ತದ ಹಿಡಿಯ, ಕಪ್ಪು ಬಟ್ಟೆಯ ದೊಡ್ಡ ಕೊಡೆಯೊಂದು ನೀರು ಸುರಿಸುತ್ತಾ ಕೂತಿತ್ತು. ಒದ್ದೆ ಬಟ್ಟೆ, ತುಕ್ಕು ಹಿಡಿದ ಕಡ್ಡಿ, ಅಂಗೈ ಸವೆಸಿದ ಬೆತ್ತ, ಎಲ್ಲ ಕೂಡಿದ ಆ ವಾಸನೆ. ನನ್ನ ವಯಸ್ಸಿಗೆ ಮೂಗು ಅಷ್ಟೇನೂ ಚುರುಕಿಲ್ಲ. ಆದರೂ ಅದು ಸೀದಾ ಒಳಗೆ ಹೋಗಿ, ಎಲ್ಲೋ ಮುಚ್ಚಿದ್ದ ಕಿಟಕಿಯೊಂದನ್ನು ತೆಗೆಯಿತು. ಸೆಂಟಿಮೆಂಟಲ್ ಓಲ್ಡ್ ವುಮನ್ ಎಂದು ನನ್ನ ಮಗಳು ನಗುತ್ತಾಳೆ. ನಗಲಿ.

ಕಡಬದ ನನ್ನ ಕ್ಲಿನಿಕ್ಕಿನ ಜಗಲಿಗೆ ಇದೇ ವಾಸನೆ ಇತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ ಇರಬೇಕು. ನಾನು ಬೆಂಗಳೂರಿನಲ್ಲಿ ಸೈಕಿಯಾಟ್ರಿ ಡಿಪ್ಲೊಮಾ ಮುಗಿಸಿ ಬಂದಿದ್ದೆ; ನನ್ನ ಗಂಡ ಫೆಲಿಕ್ಸ್‌ಗೆ ಕಡಬದ ಹತ್ತಿರ ಒಂದು ಖಾಸಗಿ ರಬ್ಬರ್ ಎಸ್ಟೇಟಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿತ ಹುಡುಗಿ ಈ ಕಾಡಿನಲ್ಲಿ ಏನು ಮಾಡುತ್ತಾಳೆ ಎಂದು ನನ್ನ ತಾಯಿ ಅತ್ತರು. ನಾನು ಪೇಟೆಯಲ್ಲಿ, ಜವಳಿ ಅಂಗಡಿಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ಹೆಸರಿನ ಬೋರ್ಡು ಹಾಕಿ ಕೂತೆ. ಬೇಸಗೆಯುದ್ದಕ್ಕೂ ನೊಣ ಬಿಟ್ಟರೆ ಯಾರೂ ಒಳಗೆ ಬರಲಿಲ್ಲ.

ಕಸ ಗುಡಿಸಲು, ಚಾ ಮಾಡಲು, ರೋಗಿಗಳ ಹೆಸರು ಕರೆಯಲು ಗಿರಿಜಕ್ಕ ಎಂಬ ಐವತ್ತು ದಾಟಿದ ಹೆಂಗಸನ್ನು ಇಟ್ಟುಕೊಂಡಿದ್ದೆ. ಕರೆಯಲು ಹೆಸರುಗಳೇ ಇಲ್ಲದ್ದರಿಂದ ಆಕೆ ನನ್ನನ್ನೇ ಕರೆದು ಮಾತಾಡಿಸುತ್ತಿದ್ದಳು. ನಮ್ಮ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಆ ಊರಿನಲ್ಲಿ ಬಾಯಮ್ಮ ಎನ್ನುವುದು ರೂಢಿ. ನಾನು ಡಾಕ್ಟ್ರು ಬಾಯಮ್ಮ.

“ಬಾಯಮ್ಮ, ನೀವು ಬೋರ್ಡು ತೆಗೀರಿ. ಮಂಡೆ ಸಮ ಇಲ್ಲದವ ಸಹ ಬೋರ್ಡು ನೋಡಿ ಆಚೆ ರೋಡಿಗೆ ಹೋಗ್ತಾನೆ. ಬಂದ್ರೆ ನಾಳೆ ಮೀನು ಮಾರ್ಕೆಟಿನಲ್ಲಿ ಅವನ ಸುದ್ದಿಯೇ.”

ನಾನು ಬೋರ್ಡು ತೆಗೆಯಲಿಲ್ಲ. ಮಳೆ ಬಂತು.

ಇದನ್ನು ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ನಾನು ಓದಿರಲಿಲ್ಲ. ಜೂನಿನ ಮಳೆ ಹಿಡಿದದ್ದೇ ತಡ, ಕ್ಲಿನಿಕ್ಕಿಗೆ ಜನ ಬರತೊಡಗಿದರು. ಆ ದೊಡ್ಡ ಕಪ್ಪು ಕೊಡೆಗಳನ್ನು ಮುಖದ ಕೆಳಗಿನವರೆಗೂ ಇಳಿಸಿ, ಪೇಟೆಯ ನಡುವಿನಲ್ಲೇ ನಡೆದು, ಯಾರ ಕಣ್ಣಿಗೂ ಯಾರೂ ಆಗದೆ ನನ್ನ ಜಗಲಿ ಹತ್ತಿಬಿಡುತ್ತಿದ್ದರು. ಬಿಸಿಲು ಬಂದ ದಿನ ಒಬ್ಬರೂ ಇಲ್ಲ. ಜಗಲಿಯಲ್ಲಿ ಬಾವಲಿಗಳ ಹಾಗೆ ಕೊಡೆಗಳು. ಒಳಗೆ ಬೆಂಚಿನ ಮೇಲೆ ನಿದ್ದೆ ಬಾರದವರು, ಬೆಳಗಾದರೆ ಎದೆ ಹೊಡೆದುಕೊಳ್ಳುವವರು, ಸತ್ತ ಅಣ್ಣನ ಸ್ವರ ಕೇಳುವವರು. ಹೊರಗೆ ನೀರಿನ ಪರದೆ. ಆ ಕೋಣೆ ಊರಿನಿಂದ ಹಗ್ಗ ಬಿಚ್ಚಿಕೊಂಡ ದೋಣಿಯಂತೆ ಎಲ್ಲೋ ತೇಲುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಮಾತುಗಳೂ ಹಾಗೆಯೇ ತೇಲಿ ಬರುತ್ತಿದ್ದವು. ಅವರು ಹೇಳಿದ್ದು ಹೆಚ್ಚಾಗಿ ತುಳುವಿನಲ್ಲಿ, ನಾನು ಕೇಳಿಸಿಕೊಂಡದ್ದು ಅರ್ಧ ಕೊಂಕಣಿಯಲ್ಲಿ, ನೆನಪಾಗುವುದು ಮಾತ್ರ ಈಗ ಕನ್ನಡದಲ್ಲಿ. ಫನ್ನಿ.

ವಿಶಾಲಾಕ್ಷಿ ಬಂದದ್ದು ಅಂಥ ಒಂದು ಮಧ್ಯಾಹ್ನ, ಆಟಿ ತಿಂಗಳು ಹುಟ್ಟಿದ ಮರುವಾರ.

ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಳೆಯ ನಟ್ಟನಡುವಿನ ತಿಂಗಳು. ಶುಭಕಾರ್ಯ ಇಲ್ಲ, ಗದ್ದೆಯಲ್ಲಿ ಕೆಲಸ ಕಡಿಮೆ. ಹೊಸದಾಗಿ ಮದುವೆಯಾದ ಹುಡುಗಿ ಆ ತಿಂಗಳು ಗಂಡನ ಮನೆಯಲ್ಲಿ ಇರುವ ಹಾಗಿಲ್ಲ. ತವರಿಗೆ ಬಂದು ಕೂರಬೇಕು. ಗಂಡ ಹೆಂಡತಿ ಮುಖ ನೋಡಿಕೊಳ್ಳಬಾರದು. ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಹಾಗಾಗಿ ಆಟಿಯಲ್ಲಿ ಊರ ತುಂಬ ತವರಿಗೆ ಬಂದ ಮದುವಣಗಿತ್ತಿಯರು. ಯಾಕೆ ಬಂದೆ ಎಂದು ಯಾರನ್ನೂ ಯಾರೂ ಕೇಳುವುದಿಲ್ಲ.

ವಿಶಾಲಾಕ್ಷಿಯನ್ನೂ ಯಾರೂ ಕೇಳಿರಲಿಲ್ಲ. ತಾಯಿ ಲೀಲಕ್ಕ ಒಂದು ಕಡೆ, ಸೋದರಮಾವ ಮಂಜಪ್ಪಣ್ಣ ಇನ್ನೊಂದು ಕಡೆ ನಿಂತು ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಒಳ್ಳೆಯ ಗದ್ದೆ ತೋಟ ಇದ್ದ ಮನೆತನ. ತಂದೆ ತೀರಿಹೋಗಿದ್ದರು, ಮನೆಯ ಮಾತೆಲ್ಲ ಮಾವನದ್ದು. ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ. ಕೈತುಂಬ ಮದುವೆಯ ಬಳೆ. ತಲೆ ಬಾಚಿದ್ದು ತಾಯಿ ಎಂದು ನೋಡಿದರೇ ಗೊತ್ತಾಗುತ್ತಿತ್ತು, ಬೈತಲೆ ಅಷ್ಟು ನೇರ. ಅವಳು ನನ್ನ ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದೂ ತಪ್ಪು. ಕಣ್ಣು ಅದರ ಮೇಲೆ ಬಿದ್ದಿತ್ತು, ಅಷ್ಟೇ.

ಕಾಲೇಜಿಗೆ ಮಂಗಳೂರಿಗೆ ಹೋಗಿದ್ದಾಗ ಹೀಗೇ ಒಮ್ಮೆ ಆಗಿತ್ತಂತೆ. ಅಲ್ಲಿಯೇ ಡಾಕ್ಟರಿಗೆ ತೋರಿಸಿ, ಗುಣವಾದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆಟಿಗೆ ಮುಂಚಿನ ಬೇಸಗೆಯಲ್ಲಿ ರಾಮಕುಂಜದ ಒಬ್ಬ ಹೈಸ್ಕೂಲ್ ಮಾಸ್ತರನ ಜೊತೆ ಮದುವೆ. ಮದುವೆಯಾಗಿ ಕೆಲವೇ ವಾರಗಳಲ್ಲಿ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಅಷ್ಟರಲ್ಲಿ ಆಟಿ ಬಂತು.

“ದೇವರು ದೊಡ್ಡವ, ಆಟಿ ಬಂತು” ಎಂದರು ಲೀಲಕ್ಕ. “ಅಲ್ಲಿಯವರಿಗೆ ಇನ್ನೂ ಗೊತ್ತಾಗ್ಲಿಲ್ಲ. ಹೊಸ ಜಾಗ, ನಾಚಿಗೆ ಅಂತ ಮಾಡಿದ್ದಾರೆ.”

ನಾನು ಅವಳನ್ನೇ ಕೇಳಿದೆ: “ವಿಶಾಲಾಕ್ಷಿ, ಹೇಗೆ ಅನ್ನಿಸ್ತದೆ?”

ಬಹಳ ಹೊತ್ತಾದ ಮೇಲೆ ಸ್ವರ ಬಂತು. “ಎಲ್ಲರೂ ಹೊಳೆಯ ಆಚೆ ಬದಿಯಲ್ಲಿ ನಿಂತು ಮಾತಾಡಿದ ಹಾಗೆ ಕೇಳ್ತದೆ. ಉತ್ತರ ಹೇಳಿದ್ರೆ ಅವರಿಗೆ ಕೇಳ್ಲಿಕ್ಕಿಲ್ಲ.”

ಡಿಪ್ರೆಶನ್ ಎಂದು ಬರೆದುಕೊಂಡೆ. ಎಷ್ಟೋ ಪೇಷಂಟ್‌ಗಳ ಚೀಟಿಯ ಮೇಲೆ ಆ ಶಬ್ದ ಬರೆದಿದ್ದೇನೆ. ತುಂಬಿದ ಹೊಳೆಯ ಸದ್ದು ಆ ಶಬ್ದದೊಳಗೆ ನನಗೆ ಕೇಳಿಸತೊಡಗಿದ್ದು ಅವಳಿಂದ.

ಗುಳಿಗೆ ಬರೆದುಕೊಟ್ಟೆ. ಕೆಲಸ ಮಾಡಲು ಎರಡು ಮೂರು ವಾರ ಬೇಕು ಎಂದೆ. ಮಂಜಪ್ಪಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. “ಸೋಣ ಸಂಕ್ರಮಣಕ್ಕೆ ಸಮ ಆಗ್ತದಲ್ಲ?”

“ಗುಳಿಗೆಗೆ ಪಂಚಾಂಗ ಗೊತ್ತಿಲ್ಲ, ಮಂಜಪ್ಪಣ್ಣ.”

“ನಮಗೆ ಗೊತ್ತುಂಟಲ್ಲ ಡಾಕ್ಟ್ರೆ. ಸೋಣ ಹುಟ್ಟಿದ ಮೇಲೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡ್ರೆ ಊರು ಎಂತ ಹೇಳ್ತದೆ? ಹುಚ್ಚು ಅಂತ ಒಂದು ಶಬ್ದ ಹೊರಗೆ ಬಿದ್ರೆ ಇವಳದ್ದು ಮುಗೀತು. ಇವಳ ತಂಗಿಯಂದಿರದ್ದೂ ಮುಗೀತು.”

“ಗಂಡನಿಗೆ ಹೇಳುವುದು ಒಳ್ಳೆಯದು” ಎಂದೆ.

ಅವರು ಕೊಡೆ ಕೈಗೆತ್ತಿಕೊಂಡರು. “ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಹೇಳಿ.”

ಹೀಗೆ ನಮ್ಮ ಮುಂದೆ ಒಂದು ತಿಂಗಳು ಇತ್ತು. ಗುಳಿಗೆಗೂ ಒಂದು ತಿಂಗಳು, ಗುಟ್ಟಿಗೂ ಒಂದು ತಿಂಗಳು. ವಾರಕ್ಕೊಮ್ಮೆ ಅವರು ಬರುತ್ತಿದ್ದರು. ದಾರಿಯಲ್ಲಿ ಯಾರಾದರೂ ಕೇಳಿದರೆ ಲೀಲಕ್ಕನ ಬಳಿ ಉತ್ತರ ಸಿದ್ಧವಿತ್ತು: ಬಾಯಮ್ಮ ಡಾಕ್ಟ್ರಲ್ಲಿಗೆ, ಹೆಂಗಸರ ವಿಷಯ. ಹೆಂಗಸು ಡಾಕ್ಟರೆಂದರೆ ಹೆರಿಗೆಯ ಡಾಕ್ಟರು ಎಂಬುದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಪೇಟೆಯವರು ಬಿಟ್ಟರೆ ನನ್ನ ಬೋರ್ಡಿನ ಇಂಗ್ಲಿಷನ್ನು ಓದುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಕೇಳಿದವರು ಮೆಲ್ಲನೆ ನಕ್ಕು ಮುಂದೆ ಹೋಗುತ್ತಿದ್ದರು.

ಆ ವಾರಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ಬೆಳಕು ಬೂದು ಬಣ್ಣದ್ದು, ಅದು ಎಲ್ಲಿಂದ ಬರುತ್ತದೆ ಎಂದು ಹೇಳಲಾಗದಂಥದು. ಎಸ್ಟೇಟಿನಿಂದ ಜೀಪಿನಲ್ಲಿ ಬರುವಾಗ ರಬ್ಬರ್ ಮರಗಳ ನಡುವೆ ಮಂಜು ಕೂತಿರುತ್ತಿತ್ತು. ಮಳೆಗೆ ರಬ್ಬರ್ ಹಾಲಿನ ಟ್ಯಾಪಿಂಗ್ ನಿಂತು ಫೆಲಿಕ್ಸ್ ಮನೆಯಲ್ಲಿ ಒಬ್ಬನೇ ಇಸ್ಪೀಟಿನ ಪೇಷನ್ಸ್ ಆಡುತ್ತಾ, “ನಿನ್ನ ಮಳೆಯ ಗಿರಾಕಿಗಳು ಹೇಗಿದ್ದಾರೆ?” ಎನ್ನುತ್ತಿದ್ದ. ಕ್ಲಿನಿಕ್ಕಿನ ಗೋಡೆಯ ಮೇಲೆ ಹಸುರು ಬೂಷ್ಟು ದಿನಾ ಒಂದು ಹೊಸ ನಕ್ಷೆ ಬರೆಯುತ್ತಿತ್ತು. ವಿಶಾಲಾಕ್ಷಿ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ಎದುರು ಕೂತು, ಅವಳು ನೋಡಿದ್ದನ್ನೇ ನಾನೂ ನೋಡುತ್ತಿದ್ದೆ. ಸೈಲೆನ್ಸ್‌ಗೆ ಹೆದರಬಾರದು ಎಂದು ನಮ್ಮ ಸ್ಕೂಲಿನ ಸಿಸ್ಟರ್‌ಗಳು ಚಾಪೆಲ್ಲಿನಲ್ಲಿ ಕಲಿಸಿದ್ದರು. ಡಾಕ್ಟರಾಗಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವಿದ್ಯೆ ಕಡಿಮೆ.

ಮೂರನೆಯ ಸಲ ಬಂದಾಗ ಗಿರಿಜಕ್ಕ ಚಾ ತಂದಿಟ್ಟಳು. ವಿಶಾಲಾಕ್ಷಿ ಒಂದು ಗುಟುಕು ಕುಡಿದು ಗ್ಲಾಸನ್ನು ಕೆಳಗಿಟ್ಟಳು.

“ಇದು ಮನುಷ್ಯರಿಗಾ, ಇರುವೆಗಳಿಗಾ?”

ಗಿರಿಜಕ್ಕ ಬಾಗಿಲಲ್ಲೇ ನಿಂತಳು. “ಎಂತ?”

“ಸಕ್ಕರೆ. ಒಂದು ತಿಂಗಳಿನದ್ದು ಒಂದೇ ಗ್ಲಾಸಿಗೆ ಹಾಕಿದ್ದೀರಿ.”

ಲೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾನು ಪೆನ್ನು ಕೆಳಗಿಟ್ಟೆ. ಹೊಳೆಯ ಈಚೆ ದಡದಿಂದ ಬಂದ ಮೊದಲ ಮಾತು ಅದು. ಗಿರಿಜಕ್ಕ ಮಾತ್ರ ಮುಖ ಊದಿಸಿಕೊಂಡು, “ಗುಣ ಆಗುದಾದ್ರೆ ನನ್ನ ಚಾಯಕ್ಕೆ ಬೈದೇ ಆಗ್ಬೇಕಾ?” ಎಂದು ಹೊರಗೆ ಹೋದಳು.

ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ಅಲ್ಲಿಯ ಕ್ರಮ. ಬೆಳಕು ಹರಿಯುವ ಮೊದಲು ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು, ಬರಿಹೊಟ್ಟೆಗೆ ಕುಡಿಯುತ್ತಾರೆ. ವಿಷದಂಥ ಕಹಿ. ಅದರ ಮೇಲೆ ಮೆಂತೆ ಗಂಜಿ ಉಣ್ಣಬೇಕು. ಮನೆಯ ಯಾರಿಗೂ ವಿನಾಯಿತಿ ಇಲ್ಲ, ಬಸುರಿಯರಿಗೆ ಮಾತ್ರ ಕೊಡುವುದಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ರಾಮಕುಂಜದಿಂದ ಒಬ್ಬ ಆಳು ಲೀಲಕ್ಕನ ಅಂಗಳಕ್ಕೆ ಬಂದ. ಕೈಯಲ್ಲಿ ತುಪ್ಪದ ಡಬ್ಬ. ವಿಶಾಲಾಕ್ಷಿಯ ಅತ್ತೆ ಕಮಲಕ್ಕ ಕಳಿಸಿದ್ದು. ಜೊತೆಗೆ ಒಂದು ಮಾತು: ನಾಳೆ ನಮ್ಮ ಸೊಸೆಗೆ ಪಾಲೆ ಕಷಾಯ ಕೊಡುದು ಬೇಡ.

ಲೀಲಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಆಳು ನಾಚಿಕೊಂಡು ನಗುತ್ತಾ ನಿಂತಿದ್ದನಂತೆ. ಅರ್ಥವಾದ ಮೇಲೆ ಜಗಲಿಯ ಕಂಬ ಹಿಡಿದುಕೊಂಡೇ ಕೂತುಬಿಟ್ಟರಂತೆ.

ಸೊಸೆ ವಾರ ವಾರ ಹೆಂಗಸರ ಡಾಕ್ಟರಲ್ಲಿಗೆ ಹೋಗುತ್ತಾಳೆ ಎಂಬ ಸುದ್ದಿ ರಾಮಕುಂಜ ಮುಟ್ಟಿತ್ತು. ಕಮಲಕ್ಕ ಊರಿಗೆಲ್ಲ ಹೇಳಿ ಮುಗಿಸಿದ್ದರು.

ಎರಡು ದಿನ ಕಳೆದು, ಜೋರು ಮಳೆಯಲ್ಲಿ, ಒಬ್ಬ ಯುವಕ ನನ್ನ ಜಗಲಿ ಹತ್ತಿದ. ಸಪೂರ ಮೈ, ದಪ್ಪ ಕನ್ನಡಕ, ಮೊಣಕಾಲಿನವರೆಗೆ ಕೆಸರು. ಹೆಸರು ಜಗದೀಶ, ಕೆಲಸ ಮಾಸ್ಟ್ರು, ಊರು ರಾಮಕುಂಜ ಎಂದ. ನನಗೆ ಯಾರೆಂದು ಗೊತ್ತಾಯಿತು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ.

“ನಿಮಗೆ ಎಂತ ತೊಂದರೆ?”

“ನಿದ್ದೆ ಬರುದಿಲ್ಲ.” ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅಂಗಿಯೂ ಒದ್ದೆ, ಗಾಜು ಇನ್ನಷ್ಟು ಮಸುಕಾಯಿತು. “ನನ್ನ ಹೆಂಡತಿ ಇಲ್ಲಿಗೆ ಬರ್ತಾಳೆ ಅಂತ ಅಮ್ಮ ಹೇಳಿದ್ರು. ಬೋರ್ಡು ಈಗ ಓದಿದೆ. ನೀವು ಹೆರಿಗೆ ಡಾಕ್ಟ್ರಲ್ಲ.”

“ಯಾರು ಇಲ್ಲಿಗೆ ಬರುತ್ತಾರೆ ಎಂದು ನಾನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಮಾಸ್ಟ್ರೆ.”

“ಸರಿ. ಹೇಳ್ಬೇಡಿ. ನನ್ನದು ನಾನು ಹೇಳ್ಬಹುದಲ್ಲ.” ಅವನು ಗೋಡೆಯ ಬೂಷ್ಟಿನ ಕಡೆ ತಿರುಗಿ ಮಾತಾಡಿದ. “ಅಮ್ಮ ತೊಟ್ಟಿಲು ಹರಕೆ ಹೇಳಿ ಬಂದಿದ್ದಾರೆ. ಅದು ಸಾಧ್ಯ ಇಲ್ಲ ಡಾಕ್ಟ್ರೆ. ಅವಳು ಬಂದ ದಿನದಿಂದ ಗೋಡೆಗೆ ಮುಖ ಮಾಡಿ ಮಲಗ್ತಿದ್ದಳು. ಮಾತಾಡಿಸಿದ್ರೆ ಕಣ್ಣಲ್ಲಿ ನೀರು. ನಾನು ಚಾಪೆ ತಗೊಂಡು ಚಾವಡಿಯಲ್ಲಿ ಮಲಗಿದೆ. ಇಷ್ಟ ಇಲ್ಲದ ಮದುವೆ ಅಂತ ಗ್ರಹಿಸಿದ್ದೆ. ಈಗ ಈ ಸುದ್ದಿ. ಒಂದಾ ಅಮ್ಮನಿಗೆ ತಪ್ಪು ತಿಳಿದದ್ದು. ಅಥವಾ...”

ಮಳೆ ಹಂಚಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಆ ‘ಅಥವಾ’ದ ಆಚೆ ಏನಿದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಒಂದು ಕಾಯಿಲೆಯನ್ನು ಮುಚ್ಚಲು ಹೊದಿಸಿದ ಬಟ್ಟೆ ಈಗ ಆ ಹುಡುಗಿಯ ಕುತ್ತಿಗೆಯನ್ನೇ ಸುತ್ತಿಕೊಳ್ಳುತ್ತಿತ್ತು. ಒಂದು ವಾಕ್ಯ ಹೇಳಿದರೆ ಬಿಡಿಸಬಹುದಿತ್ತು. ಆ ವಾಕ್ಯ ನನ್ನದಲ್ಲ, ಅವಳದು.

“ಮಾಸ್ಟ್ರೆ,” ಎಂದೆ, “ಆ ಅಥವಾ ಎಂದಿರಲ್ಲ, ಅದನ್ನು ಇಲ್ಲಿಯೇ ಬಿಟ್ಟು ಹೋಗಿ. ಮನೆಗೆ ತಗೊಂಡು ಹೋಗಬೇಡಿ. ಮುಂದಿನ ಬುಧವಾರ ಇದೇ ಹೊತ್ತಿಗೆ ಬನ್ನಿ. ನಿದ್ದೆಯ ವಿಷಯ ಆಗ ನೋಡುವ.”

ಅವನು ಕನ್ನಡಕ ಹಾಕಿಕೊಂಡ. ತಲೆಯಾಡಿಸಿ ಹೋದ.

ಬುಧವಾರ ವಿಶಾಲಾಕ್ಷಿಯ ದಿನ. ಅವಳು ಬೇಡವೆಂದರೆ ಅವನನ್ನು ಜಗಲಿಯಿಂದಲೇ ವಾಪಸ್ ಕಳಿಸುವುದೆಂದು ನಾನು ನಿಶ್ಚಯ ಮಾಡಿಕೊಂಡಿದ್ದೆ.

ಅವತ್ತು ಮಂಜಪ್ಪಣ್ಣ ಎಲ್ಲರಿಗಿಂತ ಮುಂಚೆ ಒಳಗೆ ಬಂದು ಜಗಲಿಯ ಬಾಗಿಲು ಹಾಕಿದರು. ತಾಯಿ ಮಗಳು ಪರದೆಯ ಆಚೆ ಬೆಂಚಿನ ಮೇಲೆ.

“ಡಾಕ್ಟ್ರೆ, ಆದದ್ದು ಒಳ್ಳೆಯದಕ್ಕೇ ಆಯ್ತು” ಎಂದರು. “ಈಗ ನಾವು ಹೌದು ಅಂತಲೇ ಇರುವ. ಸೋಣ ಹುಟ್ಟುವ ಮೊದಲು, ತೋಡಿನ ಹತ್ರ ಜಾರಿ ಬಿದ್ದಳು, ಹೋಯ್ತು ಅಂತ ಹೇಳುದು. ಈ ಮಳೆಯಲ್ಲಿ ಯಾರಿಗೂ ಸಂಶಯ ಬರ್ಲಿಕ್ಕಿಲ್ಲ. ಮತ್ತೆ ಅವಳು ಬೇಜಾರಲ್ಲಿ ಇದ್ರೂ, ಗುಳಿಗೆ ತಿಂದ್ರೂ, ಅದಕ್ಕೊಂದು ಕಾರಣ ಆಯ್ತಲ್ಲ. ಬೇಕಾದಷ್ಟು ಸಮಯ ಇಲ್ಲಿ ಇಟ್ಟುಕೊಳ್ಬಹುದು. ನೀವು ಒಂದು ಚೀಟಿ ಬರೆದುಕೊಟ್ರೆ ಸಾಕು.”

ಅವರು ಕೆಟ್ಟವರಲ್ಲ. ಆ ಯೋಚನೆಯ ಪ್ರತಿಯೊಂದು ಹೊಲಿಗೆಯನ್ನೂ ಅವರು ಸೋದರಸೊಸೆಯ ಮೇಲಿನ ಪ್ರೀತಿಯಿಂದಲೇ ಹಾಕಿದ್ದರು. ಗಂಡ ಚಾವಡಿಯಲ್ಲಿ ಮಲಗುತ್ತಿದ್ದ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ನಾನು ಹೇಳುವ ಹಾಗಿರಲಿಲ್ಲ.

“ಅಂಥ ಚೀಟಿ ನಾನು ಕೊಡುವುದಿಲ್ಲ, ಮಂಜಪ್ಪಣ್ಣ.”

“ಒಂದು ಹುಡುಗಿಯ ಸಂಸಾರದ ವಿಷಯ, ಬಾಯಮ್ಮ.”

“ಅದಕ್ಕೇ ಕೊಡುವುದಿಲ್ಲ.”

ಪರದೆ ಸರಿಯಿತು. ವಿಶಾಲಾಕ್ಷಿ ನಿಂತಿದ್ದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು, ಸ್ವರ ಇನ್ನೂ ಸಣ್ಣದು. ಬೈತಲೆ ಮಾತ್ರ ಅವತ್ತು ಸ್ವಲ್ಪ ಓರೆ. ತಲೆ ತಾನೇ ಬಾಚಿಕೊಂಡಿದ್ದಳು.

“ಮಾವ, ಹುಟ್ಟದ ಮಗುವನ್ನು ಕೊಲ್ಲುದು ಬೇಡ.”

“ನೀನು ಆಚೆ ಕೂತ್ಕೊ.”

“ಅವರಿಗೆ ಸುಳ್ಳು ಅಂತ ಗೊತ್ತಾಗ್ತದೆ. ಹೇಗೆ ಅಂತ ನನ್ನ ಹತ್ರ ಕೇಳ್ಬೇಡಿ.”

ಹೆಂಗಸರ ನಡುವೆ ತಾನೊಬ್ಬನೇ ಗಂಡಸು ಎಂಬುದು ಆಗ ಮಂಜಪ್ಪಣ್ಣನ ಅರಿವಿಗೆ ಬಂದಿರಬೇಕು. ಕೊಡೆ ಬಿಚ್ಚಿಕೊಂಡು ಅಂಗಡಿಯ ಕಡೆ ಹೋದರು.

ನಾನು ಅವಳ ಹತ್ತಿರ ಕೂತು ಮೆಲ್ಲನೆ ಕೇಳಿದೆ. ಮಾಸ್ಟ್ರು ಇಲ್ಲಿಗೆ ಬಂದರೆ ನೋಡುತ್ತೀಯಾ? ಏನು ಹೇಳಬೇಕು, ಹೇಳಬೇಕೋ ಬೇಡವೋ, ಎಲ್ಲ ನಿನ್ನ ಇಷ್ಟ. ಅವಳು ತನ್ನ ಬಳೆಗಳನ್ನು ಒಂದೊಂದಾಗಿ ಮೇಲೆ ತಳ್ಳಿದಳು.

“ಬರ್ಲಿ.”

ಲೀಲಕ್ಕ ಗಾಬರಿಯಾದರು. “ಆಟಿಯಲ್ಲಿ ಗಂಡ ಹೆಂಡತಿ ಮುಖ ನೋಡ್ಬಾರ್ದು ಡಾಕ್ಟ್ರೆ.”

ಗಿರಿಜಕ್ಕ ಗ್ಲಾಸು ತೊಳೆಯುತ್ತಾ ತಲೆ ಎತ್ತದೆ ಹೇಳಿದಳು: “ಮಾಸ್ಟ್ರು ಕನ್ನಡಕ ತೆಗೆದಿಟ್ಟು ಮಾತಾಡ್ಲಿ ಲೀಲಕ್ಕ. ನಾನು ಮೊನ್ನೆ ನೋಡಿದ್ದೇನೆ. ಕನ್ನಡಕ ಇಲ್ಲದಿದ್ರೆ ಅವರಿಗೆ ಬಾಗಿಲೂ ಕಾಣುದಿಲ್ಲ.”

ಜಗದೀಶ ಬಂದ. ಲೀಲಕ್ಕ ಮುಖ ತಿರುಗಿಸಿ ಗೋಡೆ ನೋಡುತ್ತಾ ಕೂತರು. ನಾನು ವಿಶಾಲಾಕ್ಷಿ ಕೂತಿದ್ದ ಒಳಕೋಣೆಯ ಬಾಗಿಲು ತೆರೆದು, ಅವನು ಒಳಗೆ ಹೋದ ಮೇಲೆ ಹೊರಗಿನಿಂದ ಎಳೆದುಕೊಂಡೆ. ಬಾಗಿಲು ಮುಚ್ಚುವ ಮೊದಲು ಕಂಡದ್ದು ಇಷ್ಟೇ. ಅವನು ನಿಜವಾಗಿಯೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗಿರಿಜಕ್ಕನ ಮಾತು ಕೇಳಿಸಿತ್ತೋ, ಮಳೆಗೆ ಮಂಜು ಕವಿದಿತ್ತೋ, ನನಗೆ ತಿಳಿಯದು.

ಜಗಲಿಯಲ್ಲಿ ನಾವು ಮೂವರು ಹೆಂಗಸರು ಮಳೆ ನೋಡುತ್ತಾ ಕೂತೆವು. ಪೇಟೆಯ ರಸ್ತೆ ಮೆಲ್ಲಗೆ ಹರಿಯುವ ತೋಡಾಗಿತ್ತು. ಎದುರಿನ ಸೋಡಾ ಅಂಗಡಿ, ಅದರಾಚೆಯ ಗುಡ್ಡ, ಒಂದೊಂದಾಗಿ ಅಳಿಸಿಹೋಗಿ, ಕೊನೆಗೆ ಬರೀ ಬಿಳಿ ಸದ್ದೊಂದು ಉಳಿಯಿತು. ಒಳಗೆ ಏನು ಮಾತು ನಡೆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರೊಫೆಶನಲ್ ಆಗಿ ಕೇಳಬೇಕಿತ್ತೇನೋ. ಕೇಳಲಿಲ್ಲ.

ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಕನ್ನಡಕ ಹಾಕಿಕೊಳ್ಳುತ್ತಾ ನನ್ನ ಹತ್ತಿರ ನಿಂತ.

“ಇದು ಪುನಃ ಬರ್ತದಾ, ಡಾಕ್ಟ್ರೆ?”

“ಬರಬಹುದು.”

“ಬಂದ್ರೆ ಇಲ್ಲಿಗೆ ಕರ್ಕೊಂಡು ಬರುದು.”

“ಹೌದು.”

“ಅಷ್ಟೇ ಅಲ್ವಾ?” ಒಂದು ಲೆಕ್ಕದ ಉತ್ತರ ಸರಿ ಬಂತೋ ಎಂದು ನೋಡುವವನ ಹಾಗೆ ಅವನು ಮೇಲೆ ಕೆಳಗೆ ನೋಡಿದ. “ಅಮ್ಮನಿಗೆ ನಾನು ಹೇಳ್ತೇನೆ.”

ಆಮೇಲೂ ಅದು ಬಂತು, ಹೋಯಿತು. ಆ ಕಥೆ ಬೇರೆ ವರ್ಷಗಳದ್ದು. ಆ ವರ್ಷ ಸೋಣ ಹುಟ್ಟಿತು. ಅಪರೂಪಕ್ಕೆ ಮಳೆ ಹಿಂದೆ ಸರಿದು, ಬೇಲಿಯ ಮೇಲೆಲ್ಲ ಬಿಸಿಲು ಎಳೆ ಎಳೆಯಾಗಿ ಬಿದ್ದಿತ್ತು. ಮಗಳನ್ನು ಕರೆದೊಯ್ಯಲು ರಾಮಕುಂಜದವರು ಬರುವ ದಿನ ನೀವೂ ಊಟಕ್ಕೆ ಬರಬೇಕು ಎಂದು ಲೀಲಕ್ಕ ಹೇಳಿಕಳಿಸಿದ್ದರು. ನನ್ನನ್ನು ಯಾವ ಡಾಕ್ಟರಾಗಿ ಕರೆದಿದ್ದರೋ ಅವರಿಗೇ ಗೊತ್ತು.

ಕಮಲಕ್ಕ ಜೀಪಿನಲ್ಲಿ ಬಂದರು. ಎತ್ತರದ, ದೊಡ್ಡ ಸ್ವರದ ವಿಧವೆ; ಇಳಿಯುವ ಮೊದಲೇ ಮಾತು ಇಳಿದಿತ್ತು. “ಡ್ರೈವರಿಗೆ ಮೆಲ್ಲ ಬಿಡು ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಈ ರೋಡಿನಲ್ಲಿ ಹೋಗುವಾಗ ಇವಳನ್ನು ಹೇಗೆ ಕರ್ಕೊಂಡು ಹೋಗುದು?” ಜೀಪಿನ ಹಿಂದಿನ ಸೀಟಿನಲ್ಲಿ ಸೊಸೆಗೆಂದು ಒಂದು ದೊಡ್ಡ ಹತ್ತಿಯ ದಿಂಬು. ಹೊಸ ಗೌಸು ಹಾಕಿದ್ದು, ಕಸೂತಿಯದ್ದು.

ಜಗದೀಶ ಹಿಂದಿನಿಂದ ಇಳಿದ. ಅವನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಹೇಳಿಲ್ಲ. ಮಾಸ್ತರನಿಗೆ ಕ್ಲಾಸಿನ ತುಂಬ ಮಕ್ಕಳ ಎದುರು ಮಾತು ಬರುತ್ತದೆ. ಈ ತಾಯಿಯ ಎದುರು ಬರುವುದು ಕಷ್ಟವೇ.

ಎಲೆ ಹಾಕಿದ್ದರು. ವಿಶಾಲಾಕ್ಷಿ ಅನ್ನದ ಪಾತ್ರೆ ಎತ್ತಲು ಬಗ್ಗಿದಳು. ಕಮಲಕ್ಕ ಎದ್ದೇಬಿಟ್ಟರು. “ಇಡು ಅದನ್ನು, ಇಡು. ಲೀಲಕ್ಕ, ಇಂಥ ಹೊತ್ತಿನಲ್ಲಿ ಇವಳ ಕೈಯಲ್ಲಿ ಭಾರ ಎತ್ತಿಸುದಾ? ಡಾಕ್ಟ್ರೆ, ನೀವಾದ್ರೂ ಹೇಳ್ಬಾರ್ದಾ?”

ಎಲ್ಲರೂ ನನ್ನನ್ನು ನೋಡಿದರು. ಮಂಜಪ್ಪಣ್ಣ ಕಣ್ಣಲ್ಲೇ ಬೇಡುತ್ತಿದ್ದರು. ಒಂದು ನಗು ನಕ್ಕರೆ ಸಾಕಿತ್ತು, ಎಲ್ಲ ಇನ್ನೊಂದು ತಿಂಗಳು ತೇಲುತ್ತಿತ್ತು. ನಾನು ವಿಶಾಲಾಕ್ಷಿಯನ್ನು ನೋಡಿದೆ.

ಅವಳು ಪಾತ್ರೆ ಎತ್ತಿ ಸೊಂಟಕ್ಕೆ ಒರಗಿಸಿಕೊಂಡಳು.

“ಅತ್ತೆ, ನನಗೆ ಹೊಟ್ಟೆಯಲ್ಲಿ ಎಂತದೂ ಇಲ್ಲ. ಇವರು ಹೆರಿಗೆ ಡಾಕ್ಟ್ರಲ್ಲ. ನನಗೆ ಮನಸ್ಸಿಗೆ ಕಾಯಿಲೆ ಆಗಿತ್ತು. ಮದುವೆಗೆ ಮೊದಲೂ ಒಮ್ಮೆ ಆಗಿತ್ತು. ಗುಳಿಗೆ ತಿಂತಾ ಇದ್ದೇನೆ. ಇನ್ನೂ ತಿನ್ಬೇಕು.”

ಲೀಲಕ್ಕ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದರು. ಕಮಲಕ್ಕ ನನ್ನ ಕಡೆ ತಿರುಗಿದರು.

“ಹೌದಾ?”

“ಅವಳು ಹೇಳಿದ್ದು ಸರಿ.”

ಮಗನ ಕಡೆ ತಿರುಗಿದರು. “ನಿನಗೆ ಗೊತ್ತುಂಟಾ?”

“ಗೊತ್ತುಂಟು, ಅಮ್ಮ.”

“ಅಂದ್ರೆ ಗೊತ್ತಿಲ್ಲದ್ದು ನನಗೊಬ್ಬಳಿಗೇ.” ಅವರ ಸ್ವರ ಮೊದಲ ಸಲ ಇಳಿಯಿತು. “ರಾಮಕುಂಜದಲ್ಲಿ ಮನೆ ಮನೆಗೆ ಹೇಳಿ ಬಂದಿದ್ದೇನೆ. ದೇವರಿಗೆ ತೊಟ್ಟಿಲು ಹೇಳಿದ್ದೇನೆ. ನನ್ನನ್ನು ಮಂಗ ಮಾಡುವಾಗ ಯಾರಿಗೂ ಎಂತದೂ ಅನ್ನಿಸ್ಲಿಲ್ಲ.”

“ತೊಟ್ಟಿಲು ಎಂದಾದ್ರೂ ಬೇಕಾಗ್ತದಲ್ಲ” ಎಂದ ಜಗದೀಶ.

“ನೀನು ಬಾಯಿ ಮುಚ್ಚು.”

ಅವರು ಎಲೆಯ ಮುಂದೆ ಕೂತರು. ವಿಶಾಲಾಕ್ಷಿ ಅನ್ನ ಬಡಿಸಿದಳು. ನಾಲ್ಕು ಅಗುಳು ಎಲೆಯ ಹೊರಗೆ ಬಿದ್ದವು. ಕಮಲಕ್ಕ ಸಾರು ಹಾಕಿಸಿಕೊಂಡರು, ಪಲ್ಯ ಹಾಕಿಸಿಕೊಂಡರು, ಪಾಯಸಕ್ಕೆ ಕೈ ಅಡ್ಡ ಹಿಡಿದರು. ಅಷ್ಟು ಸದ್ದಿಲ್ಲದ ಊಟವನ್ನು ನಾನು ಕಾನ್ವೆಂಟಿನ ಲೆಂಟ್ ಉಪವಾಸದ ದಿನಗಳಲ್ಲೂ ಉಂಡಿರಲಿಲ್ಲ.

ಕೈತೊಳೆದು ಬಂದಾಗ ಮಂಜಪ್ಪಣ್ಣ ಅಂಗಳದಲ್ಲಿ ಕೈಜೋಡಿಸಿ ನಿಂತಿದ್ದರು. “ತಪ್ಪು ನಮ್ಮದು ಕಮಲಕ್ಕ. ಮಗಳದ್ದು ಎಂತದೂ ಇಲ್ಲ. ಬೇಡ ಅಂತ ಆದ್ರೆ ಈಗಲೇ ಹೇಳಿಬಿಡಿ.”

“ಬೇಡ ಅಂತ ಹೇಳ್ಲಿಕ್ಕೆ ಆ ಹೊಂಡದ ರೋಡಿನಲ್ಲಿ ಜೀಪು ಮಾಡಿ ಬರ್ಬೇಕಿತ್ತಾ ಮಾರಾಯ್ರೆ?” ಅವರು ಮೂಗೊರೆಸಿಕೊಂಡರು. ಆಮೇಲೆ ಯಾರನ್ನೂ ನೋಡದೆ ಕೇಳಿದರು: “ಆ ಗುಳಿಗೆ ಯಾರ ಹತ್ರ ಉಂಟು?”

“ನನ್ನ ಹತ್ರ, ಅತ್ತೆ.”

“ಹಾಂ. ನಿನ್ನ ಹತ್ರವೇ ಇರ್ಲಿ. ಇವನ ಕೈಯಲ್ಲಿ ಕೊಟ್ರೆ ಶಾಲೆಯಲ್ಲಿ ಬಿಟ್ಟು ಬರ್ತಾನೆ.”

ಜೀಪಿನ ಬಾಗಿಲು ತೆರೆದರು. ಕಸೂತಿ ದಿಂಬು ಸೀಟಿನ ಮೇಲೆ, ಯಾರಿಗೋ ಕಾಯುತ್ತಿರುವ ಹಾಗೆ ಕೂತಿತ್ತು. ಕಮಲಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿದರು. ನನಗೆ ಒಂದು ಕ್ಷಣ, ಅದನ್ನು ಅಂಗಳಕ್ಕೆ ಎಸೆದೇಬಿಡುತ್ತಾರೆ ಅನ್ನಿಸಿತು. ಅವರು ಅದನ್ನು ಒಮ್ಮೆ ಕೊಡವಿ, ಸೀಟಿನ ಒಳಬದಿಗೆ ಹಾಕಿ, ಅದರ ಮೇಲೆ ತಾವೇ ಹತ್ತಿ ಕೂತರು.

“ನನಗೆ ಸೊಂಟ ನೋವು” ಎಂದರು, ಎಲ್ಲರಿಗೂ ಕೇಳುವಂತೆ. “ಬರುವಾಗ ಕೂತ್ಕೊಳ್ಳುವ ಅಂತ ಮನಸ್ಸಾಗಿತ್ತು. ನಿನಗೆ ಅಂತ ಇಟ್ಟದ್ದು, ಮುಟ್ಟಲಿಲ್ಲ.”

ಆಮೇಲೆ ಸ್ವಲ್ಪ ಆಚೆ ಸರಿದು, ತಮ್ಮ ಪಕ್ಕದ ಬರಿಯ ಸೀಟನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ವಿಶಾಲಾಕ್ಷಿ ಸೀರೆಯ ನೆರಿಗೆ ಎತ್ತಿ ಹಿಡಿದು ಜೀಪು ಹತ್ತಿದಳು.